ಮಿದುಳಿನ ಸ್ಕ್ಯಾನ್‌: ಒಂದು ಭಾಗದ ಗರಿಷ್ಠ, ಕನಿಷ್ಠ ಮೌಲ್ಯ ಹುಡುಕುವುದು ಹೇಗೆ?

ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1748 ಮೀಟರ್. ಸೋಮವಾರಪೇಟೆ ತಾಲ್ಲೂಕಿನೊಳಗೆ ಮಾತ್ರ ಹುಡುಕಿ ಅಂದರೆ? ಆಗ ಪುಷ್ಪಗಿರಿ, 1712 ಮೀಟರ್. ಗಡಿ ಬದಲಾದರೆ ಉತ್ತರವೂ ಬದಲು, ಅಲ್ವಾ? ಮಿದುಳಿನ ಎಂಆರ್‌ಐ ಡೇಟಾದಲ್ಲಿ ಈ ಗಡಿಯ ಕೆಲಸ ಮಾಡುವುದು ಮಾಸ್ಕ್. ಬೇಕಾದ ಭಾಗದಲ್ಲಿ 1, ಉಳಿದೆಡೆ 0 ತುಂಬಿದ ಇನ್ನೊಂದು ಫೈಲ್, ಅಷ್ಟೆ. ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಕೂತು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೊದಲು ಎರಡೂ ಫೈಲ್‌ಗಳ ಅಳತೆ ನೋಡಿ. 2 ಮಿ.ಮೀ. ಎಂಎನ್‌ಐ ಟೆಂಪ್ಲೇಟ್ (ಬೇರೆ ಬೇರೆಯವರ ಮಿದುಳನ್ನು ಹೊಂದಿಸಿಕೊಳ್ಳುವ ಮಾದರಿ ಚಿತ್ರ) ಆದರೆ ಸಾಮಾನ್ಯವಾಗಿ 91×109×91, ಅಂದರೆ ಒಂಬತ್ತು ಲಕ್ಷ ಚಿಲ್ಲರೆ ವಾಕ್ಸೆಲ್. ವಾಕ್ಸೆಲ್ ಅಂದರೆ ಚಿತ್ರದ ಒಂದು ಪುಟ್ಟ ಘನ, ಒಂದೊಂದರಲ್ಲೂ ಒಂದು ಮೌಲ್ಯ. ಮಾಸ್ಕ್ ಕೂಡ ಅಷ್ಟೇ ಇರಬೇಕು. ಅಳತೆ ಒಂದೇ ಇದ್ದರೂ ಜಾಗ ಸರಿದಿರಬಹುದು, ಒಂದರ ಮೇಲೊಂದು ಹಾಕಿ ಕಣ್ಣಾರೆ ನೋಡಿ.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಚಿತ್ರವನ್ನು ಮಾಸ್ಕ್‌ನಿಂದ ಗುಣಿಸಿ, ಆಮೇಲೆ ಕನಿಷ್ಠ ಎಷ್ಟು ಅಂತ ಕೇಳುತ್ತಾರೆ. ಗುಣಿಸಿದರೆ ಹೊರಗಿನದ್ದೆಲ್ಲ ಸೊನ್ನೆ. ಒಳಗಿನ ಕನಿಷ್ಠ 212 ಇದ್ದರೂ ಉತ್ತರ 0. ಸೋಮವಾರಪೇಟೆಗೆ ಸುಮ್ನೆ ಸಮುದ್ರ ತಂದ ಹಾಗೆ! ಝಡ್ ನಕ್ಷೆಯಲ್ಲಿ, ಅಂದರೆ ಸೊನ್ನೆಯ ಮೇಲೂ ಕೆಳಗೂ ಮೌಲ್ಯಗಳಿರುವ ಅಂಕಿಅಂಶದ ಚಿತ್ರದಲ್ಲಿ, ಇನ್ನೂ ಮೋಸ. ಆ ಭಾಗದ ಮೌಲ್ಯಗಳೆಲ್ಲ −3.1ರಿಂದ −0.4ರವರೆಗೆ ಇವೆ ಎಂದಿಟ್ಟುಕೊಳ್ಳಿ. ಗರಿಷ್ಠ −0.4 ಬರಬೇಕು, ಬರುವುದು 0. ಝಡ್ ನಕ್ಷೆಯಲ್ಲಿ ಸೊನ್ನೆ ಸಹಜ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಅದಕ್ಕೇ ಗುಣಿಸಬೇಡಿ, ಹೆಕ್ಕಿಕೊಳ್ಳಿ. ಪೈಥಾನ್‌ನಲ್ಲಾದರೆ ನಿಬಾಬೆಲ್‌ನಿಂದ (ಮಿದುಳಿನ ಚಿತ್ರ ಓದುವ ಲೈಬ್ರರಿ) ಫೈಲ್ ತೆರೆದು, ಮಾಸ್ಕ್ 0ಗಿಂತ ಜಾಸ್ತಿ ಇರುವ ವಾಕ್ಸೆಲ್‌ಗಳನ್ನಷ್ಟೇ ಆರಿಸಿ, ಲೆಕ್ಕ ಮಾಡುವ ಲೈಬ್ರರಿ ನಂಪೈಗೆ ಕೊಡಿ. ನಡುವೆ ಒಂದೇ ಒಂದು ‘ನ್ಯಾನ್’ (ಸಂಖ್ಯೆಯೇ ಅಲ್ಲದ ಮೌಲ್ಯ) ಇದ್ದರೂ ಉತ್ತರ ನ್ಯಾನ್ ಆಗುತ್ತದೆ. ಆಗ ನ್ಯಾನ್‌ಮ್ಯಾಕ್ಸ್, ನ್ಯಾನ್‌ಮಿನ್ ಬಳಸಿ.

ಎಫ್‌ಎಸ್‌ಎಲ್ (ಮಿದುಳಿನ ಚಿತ್ರ ವಿಶ್ಲೇಷಿಸುವ ತಂತ್ರಾಂಶ) ಇದ್ದರೆ ಒಂದೇ ಸಾಲಿನ ಕೆಲಸ. ಎಫ್‌ಎಸ್‌ಎಲ್‌ಸ್ಟ್ಯಾಟ್ಸ್, ಚಿತ್ರದ ಹೆಸರು, ಅಡ್ಡಗೆರೆ ಹಾಕಿ ಸಣ್ಣಕ್ಷರದ ‘ಕೆ’, ಮಾಸ್ಕ್‌ನ ಹೆಸರು, ಮತ್ತೆ ಅಡ್ಡಗೆರೆ ಹಾಕಿ ದೊಡ್ಡಕ್ಷರದ ‘ಆರ್’. ‘ಕೆ’ ಮೊದಲು ಬರಲೇಬೇಕು, ಇಲ್ಲದಿದ್ದರೆ ಇಡೀ ಚಿತ್ರದ ಲೆಕ್ಕ ಕೊಡುತ್ತದೆ. ಸಣ್ಣಕ್ಷರದ ‘ಆರ್’ ಬೇಡ, ಅದು ತುದಿಯ ಮೌಲ್ಯಗಳನ್ನು ಬಿಟ್ಟು ಹೇಳುತ್ತದೆ. ಗರಿಷ್ಠ ಎಲ್ಲಿದೆ ಎಂದು ತಿಳಿಯಲು ಸಣ್ಣ ‘ಎಕ್ಸ್’, ಕನಿಷ್ಠಕ್ಕೆ ದೊಡ್ಡ ‘ಎಕ್ಸ್’. ಸಿಗುವುದು ವಾಕ್ಸೆಲ್ ಲೆಕ್ಕ, ಮಿ.ಮೀ. ಅಲ್ಲ.

ಆ ಜಾಗವನ್ನು ಚಿತ್ರದಲ್ಲಿ ತೆರೆದು ನೋಡಿ. ಗರಿಷ್ಠ ಮಾಸ್ಕ್‌ನ ಅಂಚಿಗೇ ಅಂಟಿಕೊಂಡಿದ್ದರೆ, ಅದು ಪಕ್ಕದ ಭಾಗದಿಂದ ನುಸುಳಿ ಬಂದಿರಬಹುದು. ಮಾಸ್ಕನ್ನು ಒಂದು ವಾಕ್ಸೆಲ್‌ನಷ್ಟು ಒಳಕ್ಕೆ ಕುಗ್ಗಿಸಿ, ಮತ್ತೊಮ್ಮೆ ಲೆಕ್ಕ ಹಾಕಿಸಿ.