ತುಟಿ ಚುರುಗುಟ್ಟಿದಾಗಲೇ ಮಾತ್ರೆ

ಬೀಜದ ಕಂಪನಿ ಕೆಲಸದ ಮೇಲೆ ಸಿಂಧನೂರು, ಮಾನ್ವಿ ಕಡೆ ಬೈಕಿನಲ್ಲಿ ಹೊಲ ಹೊಲ ತಿರುಗುವವನು ನಾನು. ಏಪ್ರಿಲ್ ಬಂತೆಂದರೆ ನಮ್ಮ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನನ್ನ ಕೆಳತುಟಿಯ ಎಡಮೂಲೆಯಲ್ಲಿ ಗುಳ್ಳೆ ಏಳೋದೂ ಆಗಲೇ. ಸಾಸಿವೆ ಕಾಳಿನಷ್ಟು ಸಣ್ಣವು, ಒತ್ತೊತ್ತಾಗಿ, ಒಳಗೆ ನೀರು. ಒಡೆದ ಮೇಲೆ ಹಳದಿ ಹಕ್ಕಳೆ ಕಟ್ಟುತ್ತದೆ. ರೊಟ್ಟಿ ತಿನ್ನಲು ಬಾಯಿ ತೆರೆದರೆ ಸಾಕು, ಹಕ್ಕಳೆ ಬಿರಿದು ರಕ್ತ. ಶೇಂಗಾ ಚಟ್ನಿಯ ಮಾತಂತೂ ಬಿಡಿ.

ಮನೆಯಲ್ಲಿ ಅವ್ವಂದು ಒಂದೇ ಮಾತು, "ಉಷ್ಣ ಆಗೈತಿ, ಮಜ್ಜಿಗಿ ಕುಡಿ." ಮಜ್ಜಿಗೆ ಒಳ್ಳೆಯದೇ. ಆದರೆ ಈ ಗುಳ್ಳೆ ಉಷ್ಣದ್ದಲ್ಲ, ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ವೈರಸ್ಸಿನದು. ಚರ್ಮದ ಡಾಕ್ಟರು ಹಾಗಂದ ಕೂಡಲೇ ನನ್ನ ಹೆಂಡತಿ, "ಅಂದ್ರ ಆ ಗುಪ್ತರೋಗನಾ ಏನ್ರೀ?" ಅಂತ ನನ್ನ ಮುಖ ನೋಡಿದಳು. ಡಾಕ್ಟರು ನಕ್ಕರು. ಲೋಕದಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದರ ಒಂದನೇ ಬಗೆ, ಅಂದರೆ ಹೆಚ್ಚಾಗಿ ತುಟಿಗೆ ಬರುವಂಥದ್ದು, ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಯಾರೋ ಪ್ರೀತಿಯಿಂದ ಕೊಟ್ಟ ಮುತ್ತಿನಿಂದ ಬಂದಿರುತ್ತದೆ. ಒಳಗೆ ಹೊಕ್ಕಿದ್ದು ಮುಖದ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ಬಿಸಿಲು, ಜ್ವರ, ನಿದ್ದೆಗೇಡು ಇವು ಅದನ್ನು ಎಬ್ಬಿಸುತ್ತವೆ. ಯಾವ ಮಾತ್ರೆಯೂ ಅದನ್ನು ಅಲ್ಲಿಂದ ಪೂರ್ತಿ ಓಡಿಸುವುದಿಲ್ಲ.

ಹಾಗಾದರೆ ಮಾತ್ರೆ ಯಾಕೆ? ವೈರಸ್ ಹೆಚ್ಚಾಗೋದನ್ನು ತಡೆಯಲಿಕ್ಕೆ. ಅದಕ್ಕೇ ಹೊತ್ತು ಮುಖ್ಯ. ಗುಳ್ಳೆ ಕಾಣುವ ಮೊದಲು ಅದೇ ಜಾಗದಲ್ಲಿ ಚುರುಚುರು ಅನ್ನುತ್ತದೆ, ಬಿಗಿಯುತ್ತದೆ, ಕೆಲವು ಸಲ ನವೆ. ಮೇಲೆ ಏನೂ ಕಾಣುವುದಿಲ್ಲ, ಆದರೆ ನಾಲಿಗೆ ಆಡಿಸಿದರೆ ನನಗೆ ಗೊತ್ತಾಗುತ್ತದೆ. ಮಾತ್ರೆ ನುಂಗಬೇಕಾದ್ದು ಆಗಲೇ. ಹಕ್ಕಳೆ ಕಟ್ಟಿದ ಮೇಲೆ ನುಂಗಿದರೆ ದುಡ್ಡು ದಂಡ.

ಆದರೆ ಚುರುಗುಟ್ಟೋದು ಡಾಕ್ಟರ ಹೊತ್ತು ನೋಡಿ ಬರುತ್ತಾ? ನನಗಂತೂ ಹೊಲದಲ್ಲೋ ರಾತ್ರಿಯೋ ಶುರುವಾಗುತ್ತದೆ. ಅದನ್ನೇ ಡಾಕ್ಟರಿಗೆ ಹೇಳಿದೆ. ಅವರು ಚೀಟಿ ಬರೆದು, ಮಾತ್ರೆ ಮೊದಲೇ ತಂದಿಟ್ಟುಕೊಳ್ಳಲು ಹೇಳಿದರು. ನನಗೆ ಬರೆದದ್ದು ವ್ಯಾಲಸೈಕ್ಲೋವಿರ್. ಚುರುಗುಟ್ಟಿದ ಕೂಡಲೇ 2 ಗ್ರಾಂ, 12 ತಾಸು ಬಿಟ್ಟು ಮತ್ತೆ 2 ಗ್ರಾಂ, ಅಲ್ಲಿಗೆ ಮುಗಿಯಿತು. ಹಳೆಯ ಔಷಧ ಏಸೈಕ್ಲೋವಿರ್ ಅಗ್ಗ, ಆದರೆ ಅದನ್ನು ದಿನಕ್ಕೆ ಹಲವು ಸಲ, ಸುಮಾರು 5 ದಿನ ನುಂಗಬೇಕು. ಹೊಲ ತಿರುಗುವವನಿಗೆ ಅದು ನೆನಪಿರೋದು ಕಷ್ಟ. ವ್ಯಾಲಸೈಕ್ಲೋವಿರ್ ಕೂಡ ಹೊಟ್ಟೆಗೆ ಹೋದ ಮೇಲೆ ಏಸೈಕ್ಲೋವಿರೇ ಆಗುತ್ತದೆ. ಮೈಗೆ ಹತ್ತುವುದು ಮಾತ್ರ ಜಾಸ್ತಿ.

ಈ ಲೆಕ್ಕ ನೋಡಿ ನೀವು ನುಂಗಬೇಡಿ. ಔಷಧ ಹೊರಗೆ ಹೋಗೋದು ಕಿಡ್ನಿಯಿಂದ. ನನಗೆ ಬಿಪಿ ಇರೋದರಿಂದ ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿಸಿದರು. ಕಿಡ್ನಿ ತೊಂದರೆ ಇದ್ದವರಿಗೆ, ವಯಸ್ಸಾದವರಿಗೆ ಡೋಸು ಕಮ್ಮಿ ಮಾಡಬೇಕಾಗುತ್ತದೆ. ನಮ್ಮ ಬಿಸಿಲಲ್ಲಿ ಬೆವರು ಹರಿಸಿ, ನೀರು ಕುಡಿಯದೆ, ಮೈನೋವಿಗೆ ಅಂತ ನೋವಿನ ಮಾತ್ರೆಯನ್ನೂ ಜೊತೆಗೆ ನುಂಗಿದರೆ ಕಿಡ್ನಿಗೆ ಭಾರ. ಮಾತ್ರೆ ನುಂಗಿದ ದಿನ ನಾನು ನೀರಿನ ಬಾಟಲಿ ಖಾಲಿ ಮಾಡಿ ತುಂಬಿಸಿ, ಮತ್ತೆ ಖಾಲಿ ಮಾಡುತ್ತೇನೆ. ಮಾತ್ರೆಯಿಂದ ನನಗೆ ಸ್ವಲ್ಪ ತಲೆನೋವು ಬರುತ್ತದೆ, ಅಷ್ಟೇ. ಮಾತ್ರೆಯ ಪಟ್ಟಿ ಊಟದ ಚೀಲದಲ್ಲಿರುತ್ತದೆ. ಬೈಕಿನ ಡಬ್ಬಿಯಲ್ಲಿ ಇಡೋದಿಲ್ಲ, ಮಧ್ಯಾಹ್ನ ಅದರೊಳಗೆ ಕೈ ಇಡಲಿಕ್ಕೂ ಆಗಲ್ಲ.

ಫಲ ಎಷ್ಟು? ಸರಿಯಾದ ಹೊತ್ತಿಗೆ ನುಂಗಿದರೆ ಒಂದು ದಿನದಷ್ಟು ಬೇಗ ವಾಸಿಯಾಗುತ್ತದೆ, ಹೆಚ್ಚೇನಿಲ್ಲ. ಕೆಲವು ಸಲ ನನಗೆ ಬರೀ ಕೆಂಪಾಗಿ ಹೋಗಿದೆ, ಕೆಲವು ಸಲ ಗುಳ್ಳೆ ಎದ್ದೇ ಎದ್ದಿದೆ. ಒಂದು ಮೆಡಿಕಲ್ ಶಾಪಿನಲ್ಲಿ "ಇದು ಹಚ್ಚಿ ಸಾಕು" ಅಂತ ಸ್ಟೆರಾಯ್ಡ್ ಸೇರಿದ ಮುಲಾಮು ಮುಂದಿಟ್ಟರು. ವೈರಸ್ ಗುಳ್ಳೆಗೆ ಸುಮ್ನೆ ಅಂಥದ್ದು ಹಚ್ಚಿದರೆ ಇನ್ನೂ ಹರಡಬಹುದು. ಬೇಡ ಅಂದೆ.

ಮಾತ್ರೆ ನುಂಗಿದ ಮಾತ್ರಕ್ಕೆ ಹಬ್ಬೋದು ನಿಲ್ಲಲ್ಲ. ಹಕ್ಕಳೆ ಉದುರಿ ಚರ್ಮ ಕೂಡುವವರೆಗೆ ನನ್ನ ಲೋಟ, ಟವೆಲ್ ಬೇರೆ. ಹೊಲದಲ್ಲಿ ಎಲ್ಲರೂ ಚೊಂಬು ಎತ್ತಿ ಕುಡಿಯುತ್ತಾರೆ, ಅದು ಒಳ್ಳೆಯದೇ. ಬೀಡಿ ಮಾತ್ರ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ! ತಂಗಿಯ ಕೂಸಿನ ತೊಟ್ಟಿಲ ಶಾಸ್ತ್ರದಲ್ಲಿ ನಾನು ದೂರ ನಿಂತದ್ದಕ್ಕೆ ಬೀಗರು ಏನೇನೋ ಅಂದುಕೊಂಡರು. ಅಂದುಕೊಳ್ಳಲಿ. ಹಸುಗೂಸಿಗೆ ಈ ವೈರಸ್ ತಗುಲಿದರೆ ಜೀವಕ್ಕೇ ಅಪಾಯ. ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗಬಾರದು. ಕಣ್ಣು ಕೆಂಪಾಗಿ ನೋವಾದರೆ, ಬೆಳಕು ನೋಡಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಈಗ ಬಿಸಿಲು ತಡೆಯುವ ಎಸ್‌ಪಿಎಫ್ 30ರ ಲಿಪ್ ಬಾಮ್ ಹಚ್ಚಿ, ಮುಖಕ್ಕೆ ಟವೆಲ್ ಸುತ್ತಿಕೊಂಡೇ ಹೊರಡುತ್ತೇನೆ. ಜೊತೆಯವರು ನಗುತ್ತಾರೆ. ಗುಳ್ಳೆ ಬರೋದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ವರ್ಷಕ್ಕೆ ಆರೇಳು ಸಲ ಕಾಡುವವರಿಗೆ ಕೆಲವು ತಿಂಗಳು ದಿನಾ ಸಣ್ಣ ಡೋಸು ಕೊಡುವ ಪದ್ಧತಿಯೂ ಇದೆಯಂತೆ. ನನಗೆ ಅಷ್ಟು ಬರೋದಿಲ್ಲ, ಹಾಗಾಗಿ ಡಾಕ್ಟರು ಸದ್ಯಕ್ಕೆ ಬೇಡ ಅಂದಿದ್ದಾರೆ.