ಡಂಬಳದ ಎರೆಹೊಲದಲ್ಲಿ ಶಿವರಾತ್ರಿಯ ಆಕಾಶ

ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆಯಿಂದ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳೇನೋ ಕಾಣುತ್ತವೆ. ಅದರ ಕೆಳಗಿನ ನೀಹಾರಿಕೆ, ಅಂದರೆ ಅನಿಲ ದೂಳಿನ ಮೋಡ, ಮಾತ್ರ ಬೀದಿದೀಪಗಳ ಬೆಳಕಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ನಾವು ಹನ್ನೆರಡು ಜನ ಹವ್ಯಾಸಿಗಳು ಶಿವರಾತ್ರಿಯಂದು ಗದಗ ಜಿಲ್ಲೆಯ ಡಂಬಳದ ಹತ್ತಿರ, ಪರಿಚಿತ ರೈತರೊಬ್ಬರ ಹೊಲದಲ್ಲಿ ಕೂಡುವುದೆಂದು ನಿಶ್ಚಯಿಸಿದೆವು. ಶಿವರಾತ್ರಿ ಬರುವುದೇ ಬಹುಳ ಚತುರ್ದಶಿಗೆ; ಅಂದು ಚಂದ್ರ ಹುಟ್ಟುವುದು ಸೂರ್ಯೋದಯಕ್ಕೆ ತುಸು ಮುಂಚೆ. ಹಿರಿಯರು ಜಾಗರಣೆಗೆ ಆರಿಸಿದ ರಾತ್ರಿಯೇ ಆಕಾಶ ನೋಡುವವರಿಗೂ ಒದಗಿಬರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಬೆಳಕಿರುವಾಗಲೇ ಡಂಬಳ ಮುಟ್ಟಿದ್ದರಿಂದ ದೊಡ್ಡಬಸಪ್ಪ ದೇವಾಲಯವನ್ನೂ ನೋಡಿದೆವು. 24 ಮೂಲೆಗಳ ನಕ್ಷತ್ರಾಕಾರದ ಆ ಗರ್ಭಗೃಹದ ಗೋಡೆಯನ್ನು ಒಂದು ಸುತ್ತು ಬಂದ ಮೇಲೆ ಹೊಲಕ್ಕೆ ಹೋದೆವು.

ಕಡಲೆ ಕಿತ್ತ ಎರೆಹೊಲ ಆಗಲೇ ಬಿರುಕು ಬಿಟ್ಟಿತ್ತು. ನನ್ನದು ಎಂಟು ಇಂಚು ಕನ್ನಡಿಯ, ನೆಲದ ಮೇಲಿನ ಪೀಠದಲ್ಲಿ ಕೂರುವ ಡಾಬ್ಸೋನಿಯನ್ ದೂರದರ್ಶಕ. ಅದರ ಪೀಠಕ್ಕಿರುವ ಮೂರು ಕಾಲುಗಳಲ್ಲಿ ಒಂದು ಬಿರುಕಿನಲ್ಲಿ ಇಳಿದು ಪೀಠ ವಾಲಿತು; ರೈತರು ಬಾವಿಯ ಬದಿಯಿಂದ ತಂದುಕೊಟ್ಟ ಫರಸಿಯನ್ನು ಹಾಸಿ ನಿಲ್ಲಿಸಿದೆ. ಕತ್ತಲಾದ ಮೇಲೆ ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ನೋಡಿದರೆ ಅದಕ್ಕೊಂದು ಬಾಲ ಮೂಡಿತ್ತು. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಕನ್ನಡಿ ಸರಿದಿದೆ ಎಂಬುದಕ್ಕೆ ಅದೇ ಗುರುತು. ನಕ್ಷತ್ರವನ್ನು ಬೇಕೆಂದೇ ಮಸುಕುಗೊಳಿಸಿದಾಗ ಕಾಣುವ ಬೆಳಕಿನ ಬಳೆಗಳು ಒಂದರೊಳಗೊಂದು ಸರಿಯಾಗಿ ಕೂಡುವವರೆಗೆ ಕನ್ನಡಿಯ ಹಿಂದಿನ ತಿರುಪುಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಬೇಕು. ಈ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಇದನ್ನು ಬಿಟ್ಟವರಿಗೆ ಎಷ್ಟು ದೊಡ್ಡ ದೂರದರ್ಶಕವಿದ್ದರೂ ಪ್ರಯೋಜನವಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಕಣ್ಣು. ಅದು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ತಾಸು ಬೇಕು. ಮಬ್ಬಿನಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಕುವುದಿಲ್ಲವಾದ್ದರಿಂದ ಟಾರ್ಚಿಗೆಲ್ಲ ಕೆಂಪು ಜಿಲೆಟಿನ್ ಹಾಳೆ ಸುತ್ತಿದ್ದೆವು. ನಕ್ಷೆ ನೋಡಲೆಂದು ನಾನು ಒಮ್ಮೆ ಮೊಬೈಲ್ ತೆರೆದಾಗ ನನ್ನ ಅರ್ಧ ತಾಸಷ್ಟೇ ಅಲ್ಲ, ಪಕ್ಕದವರದ್ದೂ ಹಾಳಾಯಿತು. ಮುಂದೆ ಬೆಳಗಾಗುವವರೆಗೆ ಅದನ್ನು ಮುಟ್ಟಲಿಲ್ಲ.

ಎಂಟರ ಸುಮಾರಿಗೆ ರೈತರು ಬಂದು, "ಮಿರಗದ ಚಿಕ್ಕಿ ಯಾವುದ್ರೀ?" ಎಂದು ಕೇಳಿದರು. ರೋಹಿಣಿ, ಮಿರಗ (ಮೃಗಶಿರ), ಆರಿದ್ರ ಎಂದು ಮಳೆಗಳನ್ನು ಎಣಿಸುತ್ತ ಬಿತ್ತಿ ಬೆಳೆದವರು ಅವರು. ಮಹಾವ್ಯಾಧನ ತಲೆಯಲ್ಲಿ ಒತ್ತಾಗಿ ಕೂತ ಮೂರು ಸಣ್ಣ ಚುಕ್ಕಿಗಳನ್ನು ತೋರಿಸಿದೆ. "ಜೂನ್ ತಿಂಗಳಾಗ ಇದು ಎಲ್ಲಿ ಕಾಣತೈತಿ?" ಎಂಬುದು ಅವರ ಮುಂದಿನ ಪ್ರಶ್ನೆ. ಆಗ ಅದು ಕಾಣುವುದೇ ಇಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಹೆಸರಿನ ಮಳೆ, ಆ ನಕ್ಷತ್ರವಾದರೋ ಅವನ ಬೆಳಕಿನಲ್ಲೇ ಮುಚ್ಚಿಹೋಗಿರುತ್ತದೆ. ಬಾಲ್ಯದಿಂದ ಮಿರಗದ ಮಳೆ ಎನ್ನುತ್ತ ಬಂದ ನಾನೂ ಇದನ್ನು ಬಾಯಿಬಿಟ್ಟು ವಿವರಿಸಿದ್ದು ಅದೇ ಮೊದಲು. ಅವರು ಬಹಳ ಹೊತ್ತು ತಲೆ ಎತ್ತಿ ನಿಂತಿದ್ದರು. ಅನಂತರ ನೀಹಾರಿಕೆಗೆ ದೂರದರ್ಶಕ ತಿರುಗಿಸಿ, 48 ಪಟ್ಟು ವರ್ಧನೆಯಲ್ಲಿ ಅದರ ನಡುವಿನ ನಾಲ್ಕು ಎಳೆಯ ನಕ್ಷತ್ರಗಳನ್ನು ತೋರಿಸಿದೆ. ಆ ಬೆಳಕು ಹೊರಟು ಸುಮಾರು 1,340 ವರ್ಷವಾಗಿದೆ.

ಎಂಟೂವರೆಗೆ ಅಗಸ್ತ್ಯ ನಕ್ಷತ್ರ ದಕ್ಷಿಣದಲ್ಲಿ ಬೆಳ್ಳಗೆ ನಿಂತಿತ್ತು. ನಡುರಾತ್ರಿಯಲ್ಲಿ ಶೇಂಗಾ ಉಂಡಿ, ಬಾಳೆಹಣ್ಣು, ಚಹಾ.

ನಾನು ಕಾದಿದ್ದು ಎರಡೂವರೆ ಗಂಟೆಗೆ. ಗದಗಿನ ಅಕ್ಷಾಂಶ ಸುಮಾರು 15 ಡಿಗ್ರಿ. ಹಾಗಾಗಿ ಧ್ರುವನಕ್ಷತ್ರ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಮೇಲಿರುತ್ತದೆ. ಬೆನ್ನು ತಿರುಗಿಸಿದರೆ ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಪುಂಜ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ನೆಟ್ಟಗೆ ನಿಂತಿತ್ತು. ಯುರೋಪಿನವರಿಗೆ ಈ ನೋಟ ಮನೆಯಂಗಳದಲ್ಲಿ ಸಿಗುವುದಿಲ್ಲ, ನಮಗೆ ಸಿಗುತ್ತದೆ.

ಮೂರೂವರೆಗೆ ಒಮೆಗಾ ಸೆಂಟಾರಿ. ಬರಿಗಣ್ಣಿಗೆ ಅದು ಉಜ್ಜಿ ಮಸುಕಾದ ಚುಕ್ಕಿ. 1677ರಲ್ಲಿ ಎಡ್ಮಂಡ್ ಹ್ಯಾಲಿ ಅದು ಒಂಟಿ ನಕ್ಷತ್ರವಲ್ಲವೆಂದು ದಾಖಲಿಸಿದ. ದೂರದರ್ಶಕದಲ್ಲಿ ಮೊದಲು ಬೂದಿ ಬಣ್ಣದ ಉಂಡೆ ಕಂಡಿತು. ನೇರವಾಗಿ ದಿಟ್ಟಿಸದೆ ದೃಷ್ಟಿಯನ್ನು ತುಸು ಓರೆಗೆ ಸರಿಸಿ ಉಸಿರು ಹಿಡಿದೆ. ಅಂಚಿನಿಂದ ಒಂದೊಂದೇ ಚುಕ್ಕಿ ಬಿಡಿಸಿಕೊಳ್ಳುತ್ತ ಬಂದು, ಕೊನೆಗೆ ನಡುವಿನವರೆಗೂ ನುಚ್ಚು ಚೆಲ್ಲಿದಂತಾಯಿತು. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛವದು. ಹಿಂದೆ ಸಾಲಿನಲ್ಲಿ ನಿಂತವರಿಗೆ ಜಾಗ ಬಿಟ್ಟು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ.