ಚೀರುತ್ತಿದ್ದ ಜೆಟ್ ಸುಮ್ಮನಾಗಿದ್ದು

ನಮ್ಮ ಲ್ಯಾಬ್‌ನಲ್ಲಿ ವಾಲ್ವ್ ತೆರೆದರೆ ಸಾಕು, ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. 12 ಮಿಲಿಮೀಟರ್ ಬಾಯಿಯ ನಾಝಲ್‌ನಿಂದ, ಅಂದರೆ ಕಿರಿದಾದ ಕೊಳವೆಯಿಂದ, ಬರುವ ಗಾಳಿ ಒಂದೇ ಸ್ವರದಲ್ಲಿ ಚೀರುತ್ತಿತ್ತು. ಇಯರ್‌ಮಫ್ ಇದ್ದರೂ ಹಲ್ಲು ಜುಮ್ಮೆನ್ನುತ್ತಿತ್ತು.

ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಜೆಟ್ ಪ್ರಯೋಗ ಮಾಡುತ್ತೇನೆ. ಜೆಟ್ ಅಂದರೆ ಇಲ್ಲಿ ವಿಮಾನವಲ್ಲ, ನಾಝಲ್‌ನಿಂದ ಚಿಮ್ಮುವ ಗಾಳಿಯ ಧಾರೆ. 2000 ಲೀಟರ್ ಟ್ಯಾಂಕಿಗೆ ಗಾಳಿ ಒತ್ತಿ ತುಂಬಿಸಿದರೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಜೆಟ್ ಸಿಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ 1.89 ಪಟ್ಟು ದಾಟಿದರೆ ನಾಝಲ್ ಬಾಯಲ್ಲೇ ಗಾಳಿ ಶಬ್ದದ ವೇಗ ಮುಟ್ಟುತ್ತದೆ, ಹೊರಗೆ ಬಂದು ಅದನ್ನೂ ಮೀರುತ್ತದೆ. ಆಗ ಜೆಟ್ ಒಳಗೆ ಮಣಿ ಪೋಣಿಸಿದ ಹಾಗೆ ಶಾಕ್‌ಗಳ ಸಾಲು. ಶಾಕ್ ಅಂದರೆ ಗಾಳಿಯ ಒತ್ತಡ ತಟ್ಟನೆ ಏರುವ ತೆಳು ಪದರ.

ಈ ಚೀರಾಟಕ್ಕೆ ಸ್ಕ್ರೀಚ್ ಅಂತ ಹೆಸರು. ಅದು ಹೇಗೆ ಹುಟ್ಟುತ್ತದೆ ಅಂತ ಬಿಡಿಸಿ ಹೇಳಿದವರು ಆಲನ್ ಪಾವೆಲ್ ಅನ್ನುವ ವಿಜ್ಞಾನಿ, 1953ರಲ್ಲಿ. ಜೆಟ್ ಅಂಚಿನಲ್ಲಿ ಒಂದು ಸಣ್ಣ ಸುಳಿ ಏಳುತ್ತದೆ. ಬೆಳೆಯುತ್ತಾ ಹೋಗಿ ಮುಂದಿನ ಶಾಕ್‌ಗಳನ್ನು ಹಾಯುತ್ತದೆ. ಅಲ್ಲಿ ಹೊರಟ ಶಬ್ದ ಜೆಟ್‌ನ ಹೊರಗಿನಿಂದ ವಾಪಸ್ ಬಂದು ನಾಝಲ್ ತುಟಿಗೆ, ಅಂದರೆ ಬಾಯಿಯ ಅಂಚಿಗೆ, ತಟ್ಟುತ್ತದೆ. ಆ ಏಟಿಗೆ ಇನ್ನೊಂದು ಸುಳಿ. ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ತಂದರೆ ಕುಂಯ್ ಅನ್ನುತ್ತಲ್ವಾ, ಅದೇ ಕತೆ. ಕಿವಿಗೆ ಹಿಂಸೆ ಅನ್ನೋದಷ್ಟೇ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಡೀ ಜೆಟ್ ಆ ತಾಳಕ್ಕೆ ಒದ್ದಾಡುತ್ತದೆ. ಎರಡು ನಾಝಲ್ ಅಕ್ಕಪಕ್ಕ ಇರುವ ಎಫ್-15ರಂಥ ಯುದ್ಧವಿಮಾನಗಳಲ್ಲಿ ಇಂಥ ಅಲುಗಾಟ ಹಿಂಭಾಗದ ಲೋಹವನ್ನೇ ದಣಿಸಬಲ್ಲದು.

ಮೊದಲ ತಿಂಗಳು ನನ್ನ ಲೆಕ್ಕವೇ ಕೂಡಿ ಬರಲಿಲ್ಲ. ಒಳಗಿನ ಒತ್ತಡ ಹೊರಗಿನದರ 3 ಪಟ್ಟು ಇಟ್ಟರೆ ಸುಮಾರು 13 ಸಾವಿರ ಹರ್ಟ್ಸ್ ಬರಬೇಕು. ಮೈಕ್ ತೋರಿಸಿದ್ದು 12 ಸಾವಿರದ ಆಸುಪಾಸು. ಮೈಕ್ ಬದಲಿಸಿದೆ, ಕೇಬಲ್ ಬದಲಿಸಿದೆ. ಕೊನೆಗೆ ಗೋಡೆಗೆ ಒಂದು ಬ್ಯಾರೋಮೀಟರ್ ತೂಗುಹಾಕಿದಾಗ ಗೊತ್ತಾಯಿತು. ಪುಸ್ತಕದ ಗಾಳಿ ಸಮುದ್ರಮಟ್ಟದ್ದು, 1.013 ಬಾರ್. ಬೆಳಗಾವಿ ಇರುವುದು 750 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಸಿಗುವುದು 0.92 ಬಾರ್ ಚಿಲ್ಲರೆ. ಗೇಜ್ ತೋರಿಸುವುದು ಹೊರಗಿನದಕ್ಕಿಂತ ಎಷ್ಟು ಹೆಚ್ಚು ಒತ್ತಡ ಇದೆ ಅನ್ನೋದನ್ನಷ್ಟೇ. ಅದರಲ್ಲಿ ನಾನು 2.03 ಬಾರ್ ಇಡುತ್ತಿದ್ದೆ, ಬೇಕಾಗಿದ್ದು 1.85. ನಾನು 3 ಅಂದುಕೊಂಡಿದ್ದು ನಿಜವಾಗಿ 3.2ರ ಹತ್ತಿರ ಇತ್ತು. ಸರಿಮಾಡಿದ ದಿನವೇ ಸ್ವರ 13 ಸಾವಿರಕ್ಕೆ ಏರಿತು.

ಆಮೇಲಿನ ತೊಂದರೆ ಇನ್ನೂ ವಿಚಿತ್ರ. ನಾಝಲ್ ಬಿಚ್ಚಿ ಮತ್ತೆ ಕೂರಿಸಿದಾಗೆಲ್ಲ ಚೀರಾಟದ ಜೋರು ಬದಲಾಗುತ್ತಿತ್ತು. ಕಾರಣ, ನಾಝಲ್ ಹಿಂದಿನ ದಪ್ಪ ಫ್ಲೇಂಜ್, ಅಂದರೆ ನಾಝಲನ್ನು ಪೈಪಿಗೆ ಜೋಡಿಸುವ ಲೋಹದ ಬಳೆ. ವಾಪಸ್ ಬಂದ ಶಬ್ದ ಅದಕ್ಕೆ ಬಡಿದು ಇನ್ನೊಂದು ಸಲ ತುಟಿಗೆ ಬರುತ್ತಿತ್ತು. ಈ ಸ್ವರದ ಅಲೆ ಎರಡೂವರೆ ಸೆಂಟಿಮೀಟರ್ ಉದ್ದ ಅಷ್ಟೇ. ವಾಷರ್ ಒಂದು ಜಾಸ್ತಿ ಹಾಕಿದರೂ ಲೆಕ್ಕ ತಪ್ಪುತ್ತದೆ. ಖಡೇಬಜಾರಿನಿಂದ ಗಾದಿ ತುಂಬುವ ಅರಳೆ ತಂದು, ಫ್ಲೇಂಜ್‌ಗೆ ಹೊದಿಸಿ, ತೆಳು ಬಟ್ಟೆ ಕಟ್ಟಿದೆ. ಅಲ್ಲಿಂದ ಮುಂದೆ ಇವತ್ತಿನ ಅಳತೆ ನಾಳೆಗೂ ಹೊಂದತೊಡಗಿತು. ಸ್ಕ್ರೀಚ್ ಅಳೆಯಲು ಹೊರಟವರು ಮೊದಲು ಜೆಟ್ ಸುತ್ತ ಏನಿದೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಚೀರಾಟ ನಿಲ್ಲಿಸಬೇಕಿತ್ತು. ಸುಳಿ, ಶಾಕ್, ಶಬ್ದ, ತುಟಿ ಅನ್ನುವ ಸರಪಳಿಯ ಒಂದು ಕೊಂಡಿ ಕತ್ತರಿಸಿದರೆ ಸಾಕು, ಸುಲಭದ್ದು ತುಟಿ. ಹಿತ್ತಾಳೆಯ ಎರಡು ಚೂರು, 2 ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ಒಳಕ್ಕೆ ಚಾಚಿದಂತೆ, ಎದುರುಬದುರು ಅಂಟಿಸಿದೆ. ಮೊದಲ ಓಟದಲ್ಲೇ ಅಂಟು ಬಿಟ್ಟು ಒಂದು ಚೂರು ಹಾರಿ ಗೋಡೆಯ ಸುಣ್ಣ ಕಿತ್ತಿತು. ಆ ಹೊತ್ತಿಗೆ ಎದುರಿಗೆ ಯಾರೂ ಇರಲಿಲ್ಲ, ಪುಣ್ಯ. ಅವತ್ತಿನಿಂದ ಜೆಟ್ ಮುಂದೆ ಉಕ್ಕಿನ ತಗಡು ನಿಲ್ಲಿಸುತ್ತೇವೆ. ಚೂರುಗಳನ್ನು ಉದ್ಯಮಬಾಗ್‌ನ ಒಂದು ವರ್ಕ್‌ಶಾಪಿನಲ್ಲಿ ಬ್ರೇಜ್ ಮಾಡಿಸಿದೆ, ಅಂದರೆ ಕರಗಿಸಿದ ಲೋಹದಿಂದ ಬೆಸೆಸಿದೆ.

ಎರಡನೇ ಸಲ ವಾಲ್ವ್ ತೆರೆದೆ. ಬುಸ್ ಅನ್ನುವ ಸದ್ದು ಹಾಗೇ ಇತ್ತು, ಆದರೆ ಚೀರಾಟ ಇಲ್ಲ. ಕಂಪ್ಯೂಟರ್ ಪರದೆಯಲ್ಲಿ ಸೂಜಿಯ ಹಾಗೆ ನಿಲ್ಲುತ್ತಿದ್ದ ಗೆರೆ ಕಾಣಲಿಲ್ಲ. ಒಂದೊಂದು ಚೂರಿನ ಬದಿಯಿಂದಲೂ ಒಂದು ಜೋಡಿ ಸುಳಿ, ಒಂದಕ್ಕೊಂದು ವಿರುದ್ಧ ತಿರುಗುತ್ತಾ, ಜೆಟ್ ಉದ್ದಕ್ಕೂ ಹೋಗುತ್ತದೆ. ಅವು ಹೊರಗಾಳಿಯನ್ನು ಒಳಗೆ ಸೆಳೆದು ಶಾಕ್‌ಗಳ ಸಾಲನ್ನು ಮುರಿಯುತ್ತವೆ. ಕನ್ನಡಿ, ಎಲ್ಇಡಿ, ಬ್ಲೇಡು ಇಟ್ಟು ತೆಗೆದ ಶ್ಲೀರನ್ ಚಿತ್ರದಲ್ಲೂ, ಅಂದರೆ ಗಾಳಿಯ ಸಾಂದ್ರತೆಯ ಏರುಪೇರು ಕಾಣಿಸುವ ಚಿತ್ರದಲ್ಲೂ, ಅದು ಕಂಡಿತು. ಮೊದಲು ನಾಲ್ಕನೇ ಮಣಿಯ ನಂತರ ಎಲ್ಲ ಕಲಸಿಹೋಗುತ್ತಿತ್ತು, ಜೆಟ್ ಅಷ್ಟು ಬಡಿದಾಡುತ್ತಿತ್ತು. ಈಗ ಮಣಿಗಳೇ ಕಡಿಮೆ, ಅಂಚು ಮಾತ್ರ ನಿಂತಿದೆ.

ಇದು ಪುಕ್ಕಟೆ ಸಿಗುವುದಿಲ್ಲ. ಆ ಎರಡು ಚೂರು ಬಾಯಿಯ ಶೇಕಡಾ 5ರಷ್ಟು ಜಾಗ ತಡೆಯುತ್ತವೆ, ನೂಕುಬಲವೂ ಇಳಿಯುತ್ತದೆ. ವಿಮಾನಕ್ಕೆ ಅದು ದುಬಾರಿ. ಬೋಯಿಂಗ್ 787ರ ಇಂಜಿನ್ ಹಿಂಭಾಗದಲ್ಲಿ ಗರಗಸದ ಹಲ್ಲಿನಂಥ ಅಂಚು ನೋಡಿರಬಹುದು. ಅಲ್ಲೂ ಇದೇ ಸುಳಿಗಳ ಉಪಾಯ, ತಡೆ ಮಾತ್ರ ತೀರಾ ಕಡಿಮೆ.

ಆರು ಹಲ್ಲಿನ ಅಂಥದೊಂದು ನಾಝಲ್ ಈಗ ನನ್ನ ಮೇಜಿನ ಮೇಲಿದೆ. ಆದರೆ ಹೊರಗೆ ಬೆಳಗಾವಿಯ ಮಳೆ. ಜೆಟ್ ಒಳಗೆ ಮೈನಸ್ 50 ಡಿಗ್ರಿ ದಾಟುವುದರಿಂದ ಗಾಳಿಯ ತೇವವೆಲ್ಲ ಬಿಳಿ ಮಂಜಾಗಿ ಚಿತ್ರ ಕೆಡಿಸುತ್ತದೆ. ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ಹರಳು ಓವನ್‌ನಲ್ಲಿ ಒಣಗುತ್ತಿದೆ, ನೀಲಿ ಬಣ್ಣಕ್ಕೆ ತಿರುಗಿದ ಮೇಲೆ ವಾಲ್ವ್ ತೆರೆಯುತ್ತೇನೆ.